ಕೆಮ್ಮಿನ ಲೋಟ

ನಮ್ಮ ಮನೆಯಲ್ಲಿ ಒಂದೇ ಅಚ್ಚಿನ ಹನ್ನೆರಡು ಸ್ಟೀಲ್ ಲೋಟಗಳಿವೆ. ಮದುವೆಯಲ್ಲಿ ನಮ್ಮ ತವರಿನವರು ಕೊಟ್ಟವು. ಇಷ್ಟು ವರ್ಷದಲ್ಲಿ ಒಂದೂ ಕಳೆದಿಲ್ಲ, ಅದೊಂದು ಪುಣ್ಯ. ಅವುಗಳಲ್ಲಿ ಹನ್ನೊಂದನ್ನು ಯಾರು ಬೇಕಾದರೂ ತೆಗೆದುಕೊಂಡು ಕುಡಿಯಬಹುದು. ಹನ್ನೆರಡನೆಯದರ ತಳದಲ್ಲಿ ಕೆಂಪು ಉಗುರುಬಣ್ಣದ ಒಂದು ಚುಕ್ಕೆ ಇದೆ. ಅದು ನನ್ನದು.

ಮೊನ್ನೆ ಸಂಕ್ರಾಂತಿಗೆ ಬಂದಿದ್ದ ಮಗಳು ಸುಮಾ ಪಾತ್ರೆ ತೊಳೆದು ಬೋರಲು ಹಾಕುವಾಗ ಆ ಚುಕ್ಕೆ ಕಂಡು ನಕ್ಕಳು. ಉಗುರುಬಣ್ಣ ಅಳಿಸುವ ನೀರು ತನ್ನ ಬ್ಯಾಗಿನಲ್ಲೇ ಇದೆ, ಒಂದು ನಿಮಿಷದಲ್ಲಿ ಒರೆಸಿಬಿಡುತ್ತೇನೆ ಎಂದಳು. ಬೇಡ ಎಂದೆ. ಯಾಕೆ ಎಂದು ಅವಳು ಕೇಳಲಿಲ್ಲ, ಅವಳಿಗೆ ಗೊತ್ತು. ನಿಮಗೆ ಗೊತ್ತಿಲ್ಲವಲ್ಲ, ಅದಕ್ಕೇ ಹೇಳುತ್ತೇನೆ. ನನ್ನ ಮರ್ಯಾದೆ ಸ್ವಲ್ಪ ಹೋಗುತ್ತದೆ. ಹೋಗಲಿ, ಪೂರ್ತಿ ಹೋಗದಿದ್ದರೆ ಸಾಕು.

ನನಗೆ ಚಳಿಗಾಲವೆಂದರೆ ಭಯ. ಮಧುಗಿರಿಗೆ ಬರುವವರು ನಮ್ಮ ಏಕಶಿಲೆಯ ಬೆಟ್ಟ ನೋಡಿ ಬಾಯಿ ತೆರೆದು ನಿಲ್ಲುತ್ತಾರೆ, ಅದರ ಮುಂದೆ ನಿಂತು ಫೋಟೋ ಹೊಡೆದುಕೊಳ್ಳುತ್ತಾರೆ. ನಾನು ಬೆಳಿಗ್ಗೆ ಎದ್ದು ಬೆಟ್ಟ ನೋಡುವುದು ಮಂಜು ಎಷ್ಟು ಕೆಳಗೆ ಇಳಿದಿದೆ ಎಂದು ತಿಳಿಯಲಿಕ್ಕೆ. ಮಂಜು ಬೆಟ್ಟದ ಕೋಟೆಯ ಬಾಗಿಲಿನವರೆಗೆ ಇಳಿದಿದ್ದರೆ ಆ ದಿನ ನನ್ನ ಮೂಗಿನ ಮೇಲೆ ನನಗೇ ನಂಬಿಕೆ ಇರುವುದಿಲ್ಲ. ರಂಗೋಲಿ ಹಾಕುತ್ತ ಬೀದಿಯ ಕೆಮ್ಮುಗಳನ್ನು ಕೇಳಿಸಿಕೊಳ್ಳುತ್ತೇನೆ. ಯಾವ ಮನೆಯ ಕೆಮ್ಮು ಒಣಗಿದ್ದು, ಯಾವುದು ಕಫದ್ದು, ಯಾವುದು ಬೀಡಿಯದು ಎಂದು ಕಣ್ಣು ಮುಚ್ಚಿಕೊಂಡೂ ಹೇಳಬಲ್ಲೆ. ಹೊಸ ಕೆಮ್ಮೊಂದು ಕೇಳಿಸಿತೋ, ರಂಗೋಲಿಯ ಎಳೆ ಅಲ್ಲೇ ಸೊಟ್ಟಗಾಗುತ್ತದೆ.

ಈ ಗುಣ ಕೊರೋನಾ ಕಾಲದಲ್ಲಿ ಬಂದದ್ದು ಎಂದು ಎಲ್ಲರೂ ತಿಳಿದಿದ್ದಾರೆ, ನಾನೂ ಹಾಗೇ ಹೇಳಿಕೊಂಡು ತಿರುಗುತ್ತೇನೆ. ನಿಜ ಹೇಳಬೇಕೆಂದರೆ ಇದು ನನ್ನ ಜೊತೆ ಹುಟ್ಟಿದ್ದು. ನನ್ನ ತವರು ಸಿರಾ ತಾಲ್ಲೂಕಿನ ಹುಲಿಕುಂಟೆ ಕಡೆಯ ಒಂದು ಹಳ್ಳಿ. ಕಡಲೆಕಾಯಿ ತಿಂದ ಬಾಯಲ್ಲಿ ನೀರು ಕುಡಿದರೆ ಕೆಮ್ಮು ಬರುತ್ತದೆ ಎಂದು ಅಲ್ಲಿ ಎಲ್ಲ ಮಕ್ಕಳಿಗೂ ಹೇಳುತ್ತಾರೆ. ನನಗೆ ಎಂಟೋ ಒಂಬತ್ತೋ ವರ್ಷವಿದ್ದಾಗ, ಗಿಡ ಕೀಳುವ ದಿನ, ಹೊಲದಲ್ಲಿ ಕೂತು ಮಡಿಲು ತುಂಬ ಹಸಿ ಕಡಲೆಕಾಯಿ ತಿಂದೆ. ಮೇಲೆ ಒಂದು ಚೊಂಬು ನೀರು ಕುಡಿದೆ. ಕುಡಿದಾದ ಮೇಲೆ ನೆನಪಾಯಿತು. ಅವತ್ತು ಮಧ್ಯಾಹ್ನವೆಲ್ಲ ಹುಣಸೆಮರದ ಕೆಳಗೆ ಕೂತು ಕೆಮ್ಮು ಬರುವುದನ್ನೇ ಕಾದೆ. ಬಂತೇನೋ ನೋಡೋಣ ಎಂದು ನಾನೇ ಒಂದೆರಡು ಸಲ ಕೆಮ್ಮಿ ನೋಡಿದೆ. ನೋಡುತ್ತ ನೋಡುತ್ತ ಸಂಜೆಯ ಹೊತ್ತಿಗೆ ಗಂಟಲು ಕೆರೆದುಕೊಂಡು ನಿಜವಾದ ಕೆಮ್ಮೇ ಬಂತು. ಊರ ಆಂಜನೇಯನಿಗೆ ಹರಕೆ ಹೊತ್ತು ಅಳುತ್ತ ಅವ್ವನ ಹತ್ತಿರ ಹೋದೆ. ಅವ್ವ ಗಿಡ ಒದರುತ್ತಿದ್ದವಳು ತಲೆ ಎತ್ತಲೂ ಇಲ್ಲ. "ಬಂದ್ರೆ ಬರ್ಲಿ ಬುಡು, ನೀನ್ಯಾಕೆ ಓಗಿ ಕರ್ಕೊಂಡ್ ಬರ್ತೀಯ" ಎಂದಳು.

ಅಂದಿನಿಂದ ಇಂದಿನವರೆಗೂ ನಾನು ಕರೆದುಕೊಂಡು ಬರುತ್ತಲೇ ಇದ್ದೇನೆ.

ಕೊರೋನಾ ಹೋದರೂ ಅದರ ಸಾಮಾನೆಲ್ಲ ನಮ್ಮ ಮನೆಯಲ್ಲೇ ಉಳಿಯಿತು. ಬೆರಳಿಗೆ ಸಿಕ್ಕಿಸಿಕೊಂಡು ಉಸಿರು ನೋಡುವ ಯಂತ್ರ ದೇವರಗೂಡಿನಲ್ಲಿ ವಿಭೂತಿಗಟ್ಟಿಯ ಪಕ್ಕದಲ್ಲೇ ಇದೆ. ಪೂಜೆ ಮುಗಿದ ಮೇಲೆ ಕುಂಕುಮ ಇಟ್ಟುಕೊಂಡು ಅದಕ್ಕೂ ಒಮ್ಮೆ ಬೆರಳು ಕೊಡುತ್ತೇನೆ. ನನಗೆ ತೊಂಬತ್ತೇಳು ತೋರಿಸುತ್ತದೆ. ನಮ್ಮ ಯಜಮಾನರಿಗೆ ತೊಂಬತ್ತೆಂಟು. ಅವರು ಬಸ್ ಸ್ಟಾಂಡಿನ ಹತ್ತಿರ ಹೊಲಿಗೆ ಮೆಷಿನ್ ರಿಪೇರಿ ಮಾಡುವವರು. ದಿನವೆಲ್ಲ ಎಣ್ಣೆ ಜಿಡ್ಡಿನಲ್ಲೇ ಕೈಯಿಟ್ಟುಕೊಂಡಿರುವ ಮನುಷ್ಯರಿಗೆ ತೊಂಬತ್ತೆಂಟು, ಗಳಿಗೆಗೊಮ್ಮೆ ಕೈ ತೊಳೆಯುವ ನನಗೆ ತೊಂಬತ್ತೇಳು. ಆ ಒಂದು ಎಲ್ಲಿ ಹೋಯಿತು ಎಂದು ವಾರಗಟ್ಟಲೆ ಕೊರಗಿದ್ದೇನೆ. ಡಾಕ್ಟರ ಹತ್ತಿರ ಹೋದರೆ ಅವರು ಎದೆಗೆ ಸ್ಟೆತಸ್ಕೋಪ್ ಇಟ್ಟು ಏನೂ ಇಲ್ಲ ಎನ್ನುತ್ತಾರೆ. ಅಷ್ಟು ಬೇಗ ಏನೂ ಇಲ್ಲ ಎಂದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದು ನನ್ನ ಲೆಕ್ಕ. ಕೊರಟಗೆರೆಯಲ್ಲಿರುವ ನಾದಿನಿ ಬೇರೆ ದಿನಕ್ಕೆ ನಾಲ್ಕು ಆರೋಗ್ಯದ ವೀಡಿಯೋ ಕಳಿಸುತ್ತಾಳೆ. ಬೆಳಿಗ್ಗೆ ಒಂದು ರೋಗ ಹಿಡಿದುಕೊಂಡರೆ ಸಂಜೆಗೆ ಅದರ ಮದ್ದೂ ಬರುತ್ತದೆ. ಅದೂ ಒಂದು ಪುಣ್ಯವೇ.

ದೇವರ ವಿಷಯದಲ್ಲಿ ನಾನು ಮಾಡಿರುವುದನ್ನು ಹೇಳಿಕೊಳ್ಳಲು ನಾಚಿಕೆ. ಧನುರ್ಮಾಸದ ಪೂಜೆ ನಾನು ತಪ್ಪಿಸುವುದಿಲ್ಲ. ಬೆಳಕು ಹರಿಯುವ ಮೊದಲೇ ತಲೆಗೆ ನೀರು ಹಾಕಿಕೊಂಡು ಒದ್ದೆ ಕೂದಲಲ್ಲೇ ಗುಡಿಗೆ ಹೋಗುತ್ತೇನೆ. ಒಂದು ದಿನ ತೀರ್ಥ ಕೊಡುತ್ತಿದ್ದ ಅರ್ಚಕರು ಪಕ್ಕಕ್ಕೆ ತಿರುಗಿ ಒಂದು ಸಲ ಸೀನಿದರು. ಪಾಪ, ತಿರುಗಿಯೇ ಸೀನಿದರು. ನನ್ನ ಅಂಗೈಗೆ ಬಿದ್ದ ತೀರ್ಥವನ್ನು ಬಾಯಿಗೆ ತಂದವಳು ತುಟಿ ಬಿಗಿಹಿಡಿದು, ಕುಡಿದವಳಂತೆ ಗುಟುಕು ನುಂಗಿ, ನೀರನ್ನು ತಲೆಗೆ ಸವರಿಕೊಂಡೆ. ಮನೆಗೆ ಬಂದು, ಸ್ವಾಮಿ, ಸಂಶಯ ನಿನ್ನ ಮೇಲಲ್ಲ, ಗಾಳಿಯ ಮೇಲೆ ಎಂದು ತಪ್ಪೊಪ್ಪಿಕೊಂಡೆ. ತಪ್ಪೊಪ್ಪಿಕೊಳ್ಳುವ ಮೊದಲು ಕೈ ತೊಳೆದೆ.

ಕೈ ತೊಳೆಯುವುದಕ್ಕೂ ನನ್ನದೊಂದು ಕ್ರಮವಿದೆ. ಎಷ್ಟು ಹೊತ್ತು ಉಜ್ಜಬೇಕು ಎಂದು ಗಡಿಯಾರ ನೋಡುವವರು ಯಾರು? ಸೋಪು ಹಚ್ಚಿಕೊಂಡು ಗೋವಿಂದ ಗೋವಿಂದ ಎಂದು ಹನ್ನೊಂದು ಸಲ ಹೇಳಿ ನೀರು ಹಾಕಿಕೊಳ್ಳುತ್ತೇನೆ. ಕೊಳೆಯೂ ಹೋಗುತ್ತದೆ, ನಾಮಸ್ಮರಣೆಯೂ ಆಗುತ್ತದೆ. ಮನೆಯವರಿಗೆಲ್ಲ ಇದನ್ನೇ ಕಡ್ಡಾಯ ಮಾಡಿದೆ. ಯಜಮಾನರು ಅವಸರದ ದಿನ ನಾಲ್ಕಕ್ಕೇ ನಿಲ್ಲಿಸುತ್ತಾರೆ. ನಾನು ಅಡುಗೆಮನೆಯಿಂದಲೇ, ಇನ್ನೂ ಏಳು ಬಾಕಿ ಎನ್ನುತ್ತೇನೆ.

ಇಂಥವಳ ಮನೆಗೆ ಹೋದ ಚಳಿಗಾಲದಲ್ಲಿ ಸುಮಾ ಹೆರಿಗೆಗೆ ಬಂದಳು. ಅವಳನ್ನು ಕೊಟ್ಟಿರುವುದು ಪಾವಗಡದ ಕಡೆ, ವೈ.ಎನ್. ಹೊಸಕೋಟೆಗೆ. ಹೆಣ್ಣುಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು, ಅದಕ್ಕಿಂತ ದೊಡ್ಡ ಪುಣ್ಯ ಇನ್ನೇನಿದೆ. ಆಸ್ಪತ್ರೆಯಿಂದ ಬಂದ ದಿನ ಹೊಸ್ತಿಲ ಹೊರಗೆ ನಿಲ್ಲಿಸಿ, ತಟ್ಟೆಯಲ್ಲಿ ಅರಿಶಿನದ ನೀರಿಗೆ ಸುಣ್ಣ ಕಲಸಿ ಕೆಂಪಗೆ ಓಕುಳಿ ಮಾಡಿ, ನಾನೇ ಆರತಿ ಎತ್ತಿ ಒಳಗೆ ಕರೆದುಕೊಂಡೆ. ಆ ಓಕುಳಿಯನ್ನು ನೆನಪಿಟ್ಟುಕೊಂಡಿರಿ. ನಾನು ಮರೆತೆ.

ಮಗು ಒಳಗೆ ಬಂದದ್ದೇ ತಡ, ಮನೆ ಚೆಕ್‌ಪೋಸ್ಟ್ ಆಯಿತು. ಬಾಗಿಲ ಪಕ್ಕ ಬಕೆಟ್ಟು, ಚೊಂಬು, ಸೋಪು. ನಾನು ಹಗಲೆಲ್ಲ ಮಾಸ್ಕ್ ಹಾಕಿಕೊಂಡೇ ಓಡಾಡಿದೆ. ಅದರಿಂದ ಕನ್ನಡಕಕ್ಕೆ ಹಬೆ ಕವಿದು ಅನ್ನಕ್ಕೂ ರವೆಗೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಸುಮಾಳ ಅತ್ತೆ, ನಮ್ಮ ಬೀಗಿತ್ತಿ, ಮೊಮ್ಮಗಳನ್ನು ನೋಡಲು ಬಂದವರು ಬಾಗಿಲಲ್ಲೇ ಹನ್ನೊಂದು ಗೋವಿಂದ ಹೇಳಬೇಕಾಯಿತು. ಅವರ ಕಡೆ ಮಾತಿನಲ್ಲಿ ಅರ್ಧ ತೆಲುಗು. "ಏಂದಿ ವದಿನಾ ಇದಿ, ನಾನು ಮಗು ನೋಡಾಕೆ ಬಂದ್ನಾ, ತಿರುಪ್ತಿ ಕೊಂಡ ಎಕ್ಕಾಕೆ ಬಂದ್ನಾ" ಎಂದರು. ಆದರೂ ಹನ್ನೊಂದನ್ನೂ ತಿರುಪತಿ ಬೆಟ್ಟ ಹತ್ತುವವರಂತೆ ಗಟ್ಟಿಯಾಗಿ ಹೇಳಿದರು. ಬೀದಿಯವರು ಯಾರ ಮನೆಯಲ್ಲಿ ಭಜನೆ ಎಂದು ಇಣುಕಿ ಹೋದರು.

ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವುದು ಮಾತ್ರ ನನ್ನಿಂದಾಗಲಿಲ್ಲ. ಚಳಿಯಲ್ಲಿ ಅಷ್ಟು ಚಿಕ್ಕ ಮೈಗೆ ನೀರು ಸುರಿದರೆ ಏನಾದರೂ ಆದೀತೆಂದು ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಸುತ್ತಿಡುತ್ತಿದ್ದೆ. ಮಗು ಹೊತ್ತು ಗೊತ್ತಿಲ್ಲದೆ ಅಳುತ್ತಿತ್ತು. ನಮ್ಮ ವಂಶದ ಮಕ್ಕಳಿಗೆಲ್ಲ ನೀರು ಹಾಕಿದವಳು ಅವ್ವ. ನನ್ನ ತಮ್ಮನ ಮಕ್ಕಳು, ನನ್ನ ಸುಮಾ, ಊರಿನ ಅರ್ಧ ಮಕ್ಕಳು ಅವಳ ಕಾಲಿನ ಮೇಲೆ ಮಲಗಿ ಮೈ ಕಾಯಿಸಿಕೊಂಡವರೇ. ಆದರೆ ಅವ್ವ ಬರುವುದು ತಡವಾಯಿತು. ತಮ್ಮನ ಮನೆಯ ಎಮ್ಮೆ ಕರು ಹಾಕುವುದರಲ್ಲಿತ್ತು, ಅವಳಿಲ್ಲದೆ ಅದು ಈಯುವುದಿಲ್ಲವಂತೆ.

ಮಗುವಿಗೆ ಇಪ್ಪತ್ತು ದಿನವಾದಾಗ ಅವ್ವ ಸಿರಾದಿಂದ ಬಸ್ಸಿನಲ್ಲಿ ಬಂದಿಳಿದಳು. ಒಂದು ಚೀಲದಲ್ಲಿ ಸೊಗಡಿನ ಅವರೆಕಾಯಿ, ಒಂದು ಸಣ್ಣ ಕ್ಯಾನಿನಲ್ಲಿ ಗಿಣ್ಣುಹಾಲು, ಕಂಕುಳಲ್ಲಿ ಬಟ್ಟೆಯ ಒಂದು ಗಂಟು. ಬಾಗಿಲಲ್ಲಿ ನಿಂತು, "ಎಮ್ಮೆ ಬಾಣಂತನ ಮುಗೀತು ಕಣಮ್ಮ, ಇನ್ನು ಮೊಮ್ಮಗಳ್ದು" ಎಂದು ನಕ್ಕಳು. ನಕ್ಕವಳು ಕೆಮ್ಮಿದಳು.

ಕೆಮ್ಮಿದಳು ಎಂದರೆ ಎರಡೇ ಸಲ. ಆ ಕೆಮ್ಮು ನಾನು ಹುಟ್ಟಿದಾಗಿನಿಂದ ಕೇಳಿದ್ದು. ಸೌದೆ ಒಲೆಯ ಮುಂದೆ ಬದುಕು ಕಳೆದವಳ ಹೊಗೆಯ ಕೆಮ್ಮು. ಬೀದಿಯ ಕೆಮ್ಮುಗಳನ್ನೆಲ್ಲ ಗುರುತು ಹಿಡಿಯುವ ನನಗೆ ಅವತ್ತು ನನ್ನ ಅವ್ವನ ಕೆಮ್ಮಿನ ಗುರುತು ಸಿಗಲಿಲ್ಲ. ಎಮ್ಮೆಯ ಕೊಟ್ಟಿಗೆಯಿಂದ, ತುಂಬಿದ ಬಸ್ಸಿನಿಂದ, ಚಳಿಗಾಲದಿಂದ, ಎಲ್ಲ ಕಡೆಯಿಂದಲೂ ಬಂದ ಕೆಮ್ಮು ಅದೆಂದು ಅನ್ನಿಸಿತು. ಯಜಮಾನರು ಸಂಜೆಗೇ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿಬಂದರು. ಹಳೇ ಹೊಗೆಯ ಕೆಮ್ಮು, ಜ್ವರವಿಲ್ಲ, ಯಾರಿಗೂ ಅಂಟುವುದಲ್ಲ, ಕೈ ತೊಳೆದುಕೊಂಡು ಮಗುವನ್ನು ಎತ್ತಿಕೊಳ್ಳಬಹುದು ಎಂದು ಅವರು ಹೇಳಿ ಕಳಿಸಿದ್ದರು. ಡಾಕ್ಟರು ಹಾಗೆ ಹೇಳುತ್ತಾರೆ ಎಂದು ನಾನು ಮೊದಲೇ ಹೇಳಲಿಲ್ಲವೇ.

ಮುಂದಿನ ರೂಮಿಗೆ ಬೀದಿ ಕಡೆಯಿಂದ ಬೇರೆ ಬಾಗಿಲಿದೆ. ಅಲ್ಲಿ ಅವ್ವನಿಗೆ ಹಾಸಿಗೆ ಹಾಕಿದೆ. ಕೆಮ್ಮು ಇಳಿಯುವವರೆಗೆ ಎರಡು ದಿನ ಇಲ್ಲೇ ಇರವ್ವ ಎಂದೆ. ಊಟ ತಿಂಡಿಗೇನೂ ಕಡಿಮೆ ಮಾಡಲಿಲ್ಲ, ಬಿಸಿಬಿಸಿ ಹಿತಕಿದ ಬೇಳೆ ಸಾರು, ಮುದ್ದೆ, ಎಲ್ಲ ಹೊತ್ತು ಹೊತ್ತಿಗೆ ಕೊಟ್ಟೆ. ಆದರೆ ಲೋಟಗಳೆಲ್ಲ ಒಂದೇ ಅಚ್ಚಿನವು, ಕಲಸಿಹೋದರೆ? ಸುಮಾಳ ಉಗುರುಬಣ್ಣದ ಸೀಸೆ ಕಪಾಟಿನಲ್ಲಿತ್ತು. ಒಂದು ಲೋಟ ಬೋರಲು ಹಾಕಿ ತಳಕ್ಕೆ ಒಂದು ಚುಕ್ಕೆ ಇಟ್ಟೆ. ಅದಕ್ಕೆ ಮನಸ್ಸಿನಲ್ಲೇ ಕೆಮ್ಮಿನ ಲೋಟ ಎಂದು ಹೆಸರಿಟ್ಟೆ. ನನ್ನ ಜಾಣತನಕ್ಕೆ ನಾನೇ ಖುಷಿಪಟ್ಟೆ ಎಂದರೆ ನಂಬಿ.

ಅವ್ವ ತಂದ ಬಟ್ಟೆಯ ಗಂಟಿನಲ್ಲಿ ಇದ್ದದ್ದು ನಮ್ಮ ಅಪ್ಪನ ಬಿಳಿ ಪಂಚೆ. ಅಪ್ಪ ಹೋಗಿ ವರ್ಷಗಳಾದವು. ಎಳೆಮಗುವನ್ನು ಮನೆಯ ಹಿರಿಯರು ಉಟ್ಟು ಮೆತ್ತಗಾದ ಬಟ್ಟೆಯ ಮೇಲೆ ಮಲಗಿಸುವುದು ನಮ್ಮಲ್ಲಿ ರೂಢಿ. ಅವರ ಆಯಸ್ಸು ಮಗುವಿಗೆ ಬರಲಿ ಎಂದು. ಅವ್ವ ಆ ಪಂಚೆಯನ್ನು ಇಷ್ಟು ದಿನ ಪೆಟ್ಟಿಗೆಯಲ್ಲಿಟ್ಟಿದ್ದವಳು ಈಗ ಚೌಕ ಚೌಕ ಹರಿದು ಮಡಿಸಿ ತಂದಿದ್ದಳು. ಬೆಣ್ಣೆಯ ಹಾಗಿತ್ತು. ನಾನು ಏನು ಮಾಡಿದೆ ಗೊತ್ತೇ? ಹಂಡೆಗೆ ಹಾಕಿ, ಎರಡು ಹಿಡಿ ಬೇವಿನಸೊಪ್ಪು, ಮೂರು ಚಮಚ ಅರಿಶಿನ ಹಾಕಿ, ಗಂಜಿಯಂತೆ ಕುದಿಸಿದೆ. ಮನೆಯ ಪಕ್ಕದ ತಂತಿಯ ಮೇಲೆ ಒಣಗಿಹಾಕಿದಾಗ ಅಪ್ಪನ ಪಂಚೆ ಮದುವಣಗಿತ್ತಿಯ ಸೀರೆಯ ಹಾಗೆ ಹಳದಿಯಾಗಿ ಹೊಳೆಯುತ್ತಿತ್ತು.

ಅವ್ವ ಅದನ್ನು ರೂಮಿನ ಕಿಟಕಿಯಿಂದ ನೋಡಿರಬೇಕು. ಮೊದಲ ದಿನ ಸುಮಾ ಪಡಸಾಲೆಯ ಕಿಟಕಿಯ ಬಳಿ ಮಗುವನ್ನು ಎತ್ತಿ ತೋರಿಸಿದಳು. ಅವ್ವ ಸರಳಿನ ಆಚೆ ನಿಂತು, ಮೂಗು ತಾತನದೇ ಎಂದಳು. ಮುಟ್ಟಲು ಕೈ ಚಾಚಿದವಳು ನನ್ನ ಮುಖ ನೋಡಿ ಕೈಯನ್ನು ಸೆರಗಿನೊಳಗೆ ಹಾಕಿಕೊಂಡಳು. ಎರಡನೆಯ ದಿನ ಮಗು ಅಳುವುದನ್ನು ಕೇಳಿ ಆ ಕಡೆಯಿಂದಲೇ ಹೇಳಿದಳು: "ಲೇ ರತ್ನಿ, ಅದು ಹಸಿವಿನ ಅಳು ಅಲ್ಲ ಕಣೇ, ಮೈ ನೋವಿನ ಅಳು. ಎಣ್ಣೆ ಹಚ್ಚಿ ನೀರು ಹುಯ್ಯಿ. ಇಲ್ಲಾ ನನ್ನನ್ನ ಬುಡು." ಕೆಮ್ಮು ಇಳಿಯಲವ್ವ ಎಂದೆ ನಾನು. ಯಜಮಾನರು ಅತ್ತೆಯ ಪಕ್ಷ ಹಿಡಿದು ಒಂದು ಮಾತಾಡಿದ್ದಕ್ಕೆ, ಮಗುವಿಗೆ ಏನಾದರೂ ಆದರೆ ನೀವು ಜವಾಬ್ದಾರಿಯೇ ಎಂದು ಬಾಯಿ ಮುಚ್ಚಿಸಿದೆ. ಸುಮಾ ನನ್ನೊಂದಿಗೆ ಮಾತು ಕಡಿಮೆ ಮಾಡಿದಳು.

ಮೂರನೆಯ ದಿನ ಸಂಜೆ ಕಾಫಿ ಲೋಟ ತರಲು ಮುಂದಿನ ಬಾಗಿಲಿಗೆ ಹೋದೆ. ಬಾಗಿಲ ಪಕ್ಕದ ಗೋಡೆಯಲ್ಲಿ ಕಾರ್ತೀಕದ ದೀಪ ಇಡುವ ಒಂದು ಗೂಡಿದೆ. ಚುಕ್ಕೆಯ ಲೋಟ ಆ ಗೂಡಿನಲ್ಲಿತ್ತು. ಅವ್ವ ತಾನೇ ತೊಳೆದು, ಬೋರಲು ಹಾಕಿ, ಚುಕ್ಕೆ ಮೇಲಾಗಿ ಇಟ್ಟಿದ್ದಳು. ಅಲ್ಲಿಡು ಎಂದು ನಾನು ಹೇಳಿರಲಿಲ್ಲ.

ನನ್ನ ಕಾಲು ಅಲ್ಲೇ ನಿಂತಿತು. ನಮ್ಮ ತವರುಮನೆಯ ಕೊಟ್ಟಿಗೆಯ ಗೋಡೆಯಲ್ಲೂ ಒಂದು ಗೂಡಿತ್ತು. ಅದರಲ್ಲಿ ಒಂದು ನಗ್ಗಿದ ಅಲ್ಯೂಮಿನಿಯಂ ಲೋಟ ಬೋರಲಾಗಿರುತ್ತಿತ್ತು. ಊರ ಹೊರಗಿನ ಕೇರಿಯಿಂದ ಕಳೆ ಕೀಳಲು ಬರುತ್ತಿದ್ದ ಹನುಮಕ್ಕನದು ಅದು. ಹನುಮಕ್ಕ ಬಂದು ತಾನೇ ಅದನ್ನು ತೆಗೆದುಕೊಂಡು ದೂರ ಕೂರುತ್ತಿದ್ದಳು, ಅವ್ವ ಮೇಲಿನಿಂದ ನೀರೋ ಕಾಫಿಯೋ ಹುಯ್ಯುತ್ತಿದ್ದಳು. ಕುಡಿದಾದ ಮೇಲೆ ಹನುಮಕ್ಕ ಅದನ್ನು ತೊಳೆದು ಮತ್ತೆ ಬೋರಲು ಇಡುತ್ತಿದ್ದಳು. ಅವತ್ತು ಕಡಲೆಕಾಯಿ ತಿಂದು ಬಂದ ನನ್ನ ಕೆಮ್ಮಿಗೆ ತುಳಸಿ ಜಜ್ಜಿ ನನ್ನ ಅಂಗೈಗೆ ಹಾಕಿದ್ದವಳು ಅವಳು. ಅವಳ ಲೋಟ ಮಾತ್ರ ನಾವು ಮಕ್ಕಳು ಮುಟ್ಟುವಂತಿರಲಿಲ್ಲ. ಯಾಕೆ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಆಗ ನಮಗೆ ಯಾವ ವೈರಸ್ಸಿನ ಹೆಸರೂ ಗೊತ್ತಿರಲಿಲ್ಲ. ಲೋಟವಂತೂ ಗೂಡಿನಲ್ಲಿತ್ತು.

ಇಷ್ಟು ಹೊಳೆದ ಮೇಲೆ ನಾನು ಓಡಿಹೋಗಿ ಅವ್ವನ ಕೈ ಹಿಡಿದು ಒಳಗೆ ಕರೆತಂದೆ ಎಂದು ನೀವು ತಿಳಿದರೆ, ನನ್ನನ್ನು ನೀವು ಇನ್ನೂ ಅರ್ಥ ಮಾಡಿಕೊಂಡಿಲ್ಲ. ನಾಚಿಕೆ ಒಂದು ಕಡೆ, ಭಯ ಒಂದು ಕಡೆ. ಭಯವೇ ಗೆದ್ದಿತು. ಲೋಟವನ್ನು ಗೂಡಿನಿಂದ ತೆಗೆದು ಒಳಗೆ ತಂದೆ, ಅಷ್ಟೇ ನನ್ನ ಧೈರ್ಯ. ಅವ್ವ ಬಾಗಿಲಿಗೆ ಬಂದು, ಬೆಳಿಗ್ಗೆ ಮೊದಲ ಬಸ್ಸಿಗೆ ಊರಿಗೆ ಹೋಗುವುದಾಗಿ ಹೇಳಿದಳು. ಸಿಟ್ಟಿನಿಂದ ಹೇಳಿದ್ದರೆ ನಾನೂ ಜಗಳವಾಡಬಹುದಿತ್ತು. ಎಮ್ಮೆ ಕರು ನೋಡಿಕೊಳ್ಳಬೇಕಲ್ಲ ಎಂದು ಮೆತ್ತಗೆ ಹೇಳಿದಳು. ಇರು ಎನ್ನುವ ಬದಲು ನಾನು ಬಸ್ಸಿನ ಹೊತ್ತು ಹೇಳಿದೆ.

ಬೆಳಿಗ್ಗೆ ಅವ್ವ ಸೆರಗು ಹೊದ್ದು, ಚೀಲ ಹಿಡಿದು, ಚಪ್ಪಲಿ ಹಾಕಿಕೊಂಡು ರೂಮಿನ ಮೆಟ್ಟಿಲ ಮೇಲೆ ಕೂತಿದ್ದಳು. ಯಜಮಾನರು ಸ್ಕೂಟರ್ ಒರೆಸುತ್ತಿದ್ದರು. ಒರೆಸುವುದನ್ನು ಬೇಕೆಂದೇ ನಿಧಾನ ಮಾಡುತ್ತಿದ್ದರು ಎಂದು ನನಗೆ ಈಗ ಅನ್ನಿಸುತ್ತದೆ. ನಾನು ಗುಡಿಯಿಂದ ಬಂದವಳು ಬಾಗಿಲ ಪಕ್ಕದ ಬಕೆಟ್ಟಿನ ಬಳಿ ಕೈ ತೊಳೆಯುತ್ತಿದ್ದೆ. ಐದನೆಯ ಗೋವಿಂದಕ್ಕೆ ಮಗು ಅತ್ತಿತು. ಸುಮಾ ಸ್ನಾನಕ್ಕೆ ಹೋಗಿದ್ದಳು. ಸೋಪಿನ ಕೈಯಲ್ಲೇ ಓಡಿ, ಮಗುವನ್ನು ಬಟ್ಟೆ ಸಮೇತ ಎತ್ತಿ ತೂಗಿ, ಅಳು ನಿಂತ ಮೇಲೆ ಮಲಗಿಸಿ, ಉಳಿದ ಆರು ಗೋವಿಂದ ಮುಗಿಸಲು ಮತ್ತೆ ಬಕೆಟ್ಟಿನ ಬಳಿಗೆ ಹೋದೆ. ಲೆಕ್ಕ ಎಂದರೆ ಲೆಕ್ಕ.

ವಾಪಸು ಬಂದು ನೋಡುತ್ತೇನೆ, ಮಗುವಿನ ಸೊಂಟದ ಬಳಿ ಬಟ್ಟೆ ಕೆಂಪಗಾಗಿದೆ. ಬೆನ್ನಿನ ಕೆಳಗೂ ಕೆಂಪು. ಹಬೆ ಕವಿದ ಕನ್ನಡಕದಲ್ಲಿ ಅದು ಇನ್ನೂ ಹರಡಿದಂತೆ ಕಂಡಿತು.

ಆಮೇಲೆ ನಾನು ಏನು ಕೂಗಿದೆನೋ ನನಗೆ ತಿಳಿಯದು. ಬೀದಿಯ ಕೊನೆಯ ಮನೆಗೆ ಕೇಳಿಸಿತಂತೆ. ರಕ್ತ, ಆಟೋ, ಆಸ್ಪತ್ರೆ ಎಂದೆನಂತೆ. ಗೋವಿಂದ ಎನ್ನಲಿಲ್ಲ, ಅದು ನೆನಪಿದೆ. ಸುಮಾ ಒದ್ದೆ ಕೂದಲಲ್ಲೇ ಓಡಿಬಂದಳು. ಯಜಮಾನರು ಒರೆಸುವ ಬಟ್ಟೆಯನ್ನೇ ಹೆಗಲ ಮೇಲೆ ಹಾಕಿಕೊಂಡು ಬಂದರು. ನಾನು ಮಗುವನ್ನು ಮುಟ್ಟಲು ಹೆದರಿ ಗೋಡೆಗೆ ಆತು ನಿಂತಿದ್ದೆ. ಇಪ್ಪತ್ತಮೂರು ದಿನ ಕಾವಲು ಕಾದವಳು, ಕಾಯಬೇಕಾದ ಗಳಿಗೆಯಲ್ಲಿ ಗೋಡೆಗೆ ಅಂಟಿಕೊಂಡಿದ್ದೆ.

ಅವ್ವ ಚಪ್ಪಲಿ ಬಿಡದೆ ಒಳಗೆ ಬಂದಳು. ಬಕೆಟ್ಟು, ಚೊಂಬು, ಸೋಪು ಎಲ್ಲ ದಾಟಿ ಬಂದಳು. ಯಾರನ್ನೂ ಕೇಳದೆ ಮಗುವನ್ನು ಎತ್ತಿ, ಸುತ್ತಿದ್ದನ್ನೆಲ್ಲ ಬಿಚ್ಚಿ, ಕಡಲೆ ಗಿಡ ಕಿತ್ತು ತಿರುಗಿಸಿ ನೋಡುವವಳ ಹಾಗೆ ಹಿಂದೆ ಮುಂದೆ, ಕಂಕುಳು, ತೊಡೆಸಂದು ಎಲ್ಲ ನೋಡಿದಳು. ಮಗು ಅವಳ ಕೈಯಲ್ಲಿ ಅಳದೆ ಕಣ್ಣು ಬಿಟ್ಟುಕೊಂಡು ಮಲಗಿತ್ತು. ನೋಡಿಯಾದ ಮೇಲೆ ಮಗುವನ್ನು ಸುಮಾಳ ಮಡಿಲಿಗೆ ಹಾಕಿ, ಆ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ರತ್ನಿ, ಇಲ್ಲಿ ಬಾ. ಕೈ ತೋರ್ಸು."

ಕೊಟ್ಟೆ. ನನ್ನ ಕೈಯನ್ನು ತೆಗೆದು ಬಟ್ಟೆಯ ಮೇಲಿನ ಕೆಂಪಿನ ಮೇಲೆ ಇಟ್ಟಳು. ಹೆಬ್ಬೆರಳು, ನಾಲ್ಕು ಬೆರಳು, ಅಂಗೈಯ ಬುಡ, ಎಲ್ಲ ಸರಿಯಾಗಿ ಕೂತಿತು.

"ರಕ್ತಕ್ಕೆ ಐದು ಬೆರಳಿರ್ತಾವೇನೇ? ಅರಿಶಿನದ ಬಟ್ಟೆ ಮ್ಯಾಲೆ ಸೋಪಿನ ಕೈ ಇಕ್ಕಿದ್ದೀಯ. ಹಬ್ಬ ಹಬ್ಬಕ್ಕೂ ಓಕುಳಿ ಕಲಸೋಳು ನೀನು, ಇದು ತಿಳೀದೇನೇ?"

ಯಜಮಾನರು ಮೊದಲು ನಕ್ಕರು. ಆಮೇಲೆ ಸುಮಾ ನಕ್ಕಳು, ಅಳುತ್ತ ನಕ್ಕಳು. ನಾನು ಮಾತ್ರ ಅಲ್ಲೇ ಕೂತುಬಿಟ್ಟೆ. ಅಪ್ಪನ ಪಂಚೆಯ ಮೇಲೆ ನನ್ನ ಎರಡೂ ಕೈಗಳ ಗುರುತು ಮೂಡಿತ್ತು. ಮನೆಯವರನ್ನೆಲ್ಲ ಹೆದರಿಸಿದ್ದು ಯಾರೆಂದು ಹುಡುಕಿದರೆ ಪೊಲೀಸರಿಗೆ ಬೇರೆ ಸಾಕ್ಷಿಯೇ ಬೇಕಾಗಿರಲಿಲ್ಲ.

ಬಸ್ಸು ಹೋಗಿರಬೇಕು. ಅವ್ವ ಚಪ್ಪಲಿ ಹೊರಗೆ ಬಿಟ್ಟು ಬಂದು, ಹಂಡೆಗೆ ಉರಿ ಹಾಕು ಎಂದಳು. "ಕೈ ತೊಳ್ಕೊಂಡೇ ಮುಟ್ತೀನಿ ಬುಡು, ನೀನು ಯೋಳ್ದಂಗೇ" ಎಂದು ಬಾಗಿಲ ಬಳಿ ಹೋಗಿ ಹನ್ನೊಂದು ಗೋವಿಂದವನ್ನೂ ಒಂದೂ ನುಂಗದೆ ಹೇಳಿದಳು. ಕೆಮ್ಮು ಬಂದರೆ ಇರಲಿ ಎಂದು ಸೆರಗಿನ ತುದಿಯನ್ನು ಬಾಯಿಗೆ ಬಿಗಿದು ಕಟ್ಟಿಕೊಂಡಳು. ಬಚ್ಚಲಲ್ಲಿ ಮಣೆ ಹಾಕಿಕೊಂಡು, ಸೀರೆ ಮೊಣಕಾಲಿಗೆ ಏರಿಸಿ, ಕಾಲು ನೀಡಿ, ಎಣ್ಣೆ ಹಚ್ಚಿದ ಮಗುವನ್ನು ಕಾಲ ಮೇಲೆ ಮಲಗಿಸಿ ತಂಬಿಗೆಯಿಂದ ಬಿಸಿನೀರು ಹುಯ್ದಳು. ನಾನು ಬಾಗಿಲಲ್ಲಿ ನಿಂತು ನೀರು ಹದವಾಗಿದೆಯೇ, ಕಿವಿಗೆ ಹೋದೀತೇ ಎಂದು ಒಂದೊಂದಕ್ಕೂ ಬಾಯಿ ಹಾಕುತ್ತಿದ್ದೆ. ಅವ್ವ ಮಗುವಿನ ಕಾಲು ನೀವುತ್ತ ಒಂದೇ ಮಾತು ಹೇಳಿದಳು.

"ಹನುಮಕ್ಕ ನಮ್ಮನೇಲಿ ಹೆಂಗೆ ಕುಡೀತಿದ್ಲೋ ಅಂತ ಮೂರು ದಿನದಾಗೆ ತಿಳೀತು ಕಣಮ್ಮ ನಂಗೆ. ಹುಯ್ಯೋಳು ನಾನೇ ಆಗಿದ್ನಲ್ಲ."

ಹೇಳಿ ಮಗುವಿನ ಮೈಮೇಲೆ ಇನ್ನೊಂದು ತಂಬಿಗೆ ನೀರು ಹುಯ್ದಳು. ಅಷ್ಟರಲ್ಲಿ ನನಗೆ ಸೀನು ಬಂತು.

ಒಂದಲ್ಲ, ಮೂರು. ಮೂರನೆಯದಕ್ಕೆ ಕನ್ನಡಕ ಜಾರಿ ಕೆಳಗೆ ಬಿತ್ತು. ಮೂಗು ಸೋರತೊಡಗಿತು. ತಿಂಗಳಿಡೀ ಕತ್ತಲಲ್ಲೇ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಲ್ಲಿ ಗುಡಿಯ ಜನರ ನಡುವೆ ನಿಂತು ಬಂದವಳು ಆ ಮನೆಯಲ್ಲಿ ಇನ್ಯಾರು? ಅವ್ವ, ಸುಮಾ, ಯಜಮಾನರು ಮೂವರೂ ತಿರುಗಿ ನನ್ನನ್ನು ನೋಡಿದರು. ಸುಮಾ ಬೆರಳು ಎತ್ತಿ ಹೊರಗೆ ತೋರಿಸಿ, "ಅಮ್ಮ, ಮುಂದಿನ ರೂಮು" ಎಂದಳು. ಧ್ವನಿ ಅಚ್ಚು ನನ್ನದೇ.

ಹೋದೆ. ಅವ್ವನ ಹಾಸಿಗೆ ಮಡಿಸಿಟ್ಟದ್ದು ಅಲ್ಲೇ ಇತ್ತು. ಅದನ್ನೇ ಬಿಡಿಸಿ ಮಲಗಿದೆ. ಸ್ವಲ್ಪ ಹೊತ್ತಿಗೆ ಯಜಮಾನರು ಮೆಣಸಿನ ಕಷಾಯ ತಂದು ಹೊಸ್ತಿಲ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಕುಡಿದು ಲೋಟ ತಿರುಗಿಸಿ ನೋಡಿದೆ. ಚುಕ್ಕೆ ಇತ್ತು. ಅವರು ಬೇಕೆಂದೇ ಹುಡುಕಿ ತಂದರೋ, ಕೈಗೆ ಸಿಕ್ಕಿದ್ದನ್ನು ತಂದರೋ ನಾನು ಇವತ್ತಿಗೂ ಕೇಳಿಲ್ಲ. ತೊಳೆದು ಬೋರಲು ಹಾಕಿ ಗೂಡಿನಲ್ಲಿ ಇಡುವಾಗ ಆ ಲೋಟ ಎಷ್ಟು ಭಾರವಿರುತ್ತದೆ ಎಂದು ಗೊತ್ತಾಯಿತು.

ಐದು ದಿನ ಅಲ್ಲಿದ್ದೆ. ಉಸಿರಿನ ಯಂತ್ರ ತರಿಸಿಕೊಂಡು ಬೆರಳು ಕೊಟ್ಟೆ. ತೊಂಬತ್ತೆಂಟು ತೋರಿಸಿತು. ಇಷ್ಟು ವರ್ಷ ಕಾದ ಆ ಒಂದು ಕೊನೆಗೂ ಬಂತು, ಹೇಳಿಕೊಳ್ಳಲು ಹತ್ತಿರ ಯಾರೂ ಇರಲಿಲ್ಲ.

ಆ ಮೊದಲ ದಿನವೇ, ನೀರು ಹಾಕಿ ಸಾಂಬ್ರಾಣಿ ಹೊಗೆ ಹಿಡಿದಾದ ಮೇಲೆ, ಅವ್ವ ಮಗುವನ್ನು ಪಡಸಾಲೆಯ ಕಿಟಕಿಗೆ ತಂದಳು. ಮೂರು ದಿನದ ಕೆಳಗೆ ಅವಳು ನಿಂತಿದ್ದ ಜಾಗದಲ್ಲಿ, ಸರಳಿನ ಆಚೆ, ಈಗ ನಾನು ಮಾಸ್ಕ್ ಹಾಕಿಕೊಂಡು ನಿಂತಿದ್ದೆ. ಬೆಳಗಿನ ಬಿಸಿಲು ಬೆಟ್ಟ ದಾಟಿ ಬೀದಿಗೆ ಬಂದಿತ್ತು. ಮಗು ಅಪ್ಪನ ಪಂಚೆಯ ಇನ್ನೊಂದು ತುಂಡಿನಲ್ಲಿ, ಹಳದಿಯದರಲ್ಲೇ, ಮುಷ್ಟಿ ಬಿಗಿಹಿಡಿದು ಸೊಗಸಾಗಿ ನಿದ್ದೆ ಮಾಡುತ್ತಿತ್ತು. ಅಷ್ಟು ಆಳವಾದ ನಿದ್ದೆಯನ್ನು ಅದು ಹುಟ್ಟಿದಾಗಿನಿಂದ ಮಾಡಿರಲಿಲ್ಲ.

"ನೋಡವ್ವ, ಇವಳೇ ನಿಮ್ಮಜ್ಜಿ" ಎಂದು ಅವ್ವ ಅದಕ್ಕೆ ನನ್ನನ್ನು ತೋರಿಸಿದಳು. ನನ್ನ ಕಡೆ ತಿರುಗಿ, "ನೋಡ್ಕೋ. ಮುಟ್ಟಬ್ಯಾಡ" ಎಂದಳು.

ನಾನು ಕೈ ಎರಡನ್ನೂ ಸೆರಗಿನೊಳಗೆ ಹಾಕಿಕೊಂಡು, ನಿದ್ದೆ ಮಾಡುವ ಆ ಮುಖವನ್ನೇ ನೋಡುತ್ತ ಗೋವಿಂದ ಗೋವಿಂದ ಎಂದು ಹೇಳಿಕೊಂಡೆ. ಹನ್ನೊಂದು ದಾಟಿದರೂ ನಿಲ್ಲಿಸಲಿಲ್ಲ. ಕೈಯಲ್ಲಿ ಸೋಪಿಲ್ಲದೆ ಆ ಹೆಸರು ಹೇಳಿ ನನಗೆ ಬಹಳ ದಿನವಾಗಿತ್ತು.